ಒಂದೇ ಒಂದು ಬಾದಾಮಿ

ಯಾರ ಮನೆಯ ಹಬ್ಬಕ್ಕೆ ಹೋದರೂ ಅವರ ಪದ್ಧತಿಯನ್ನು ನೂರಕ್ಕೆ ನೂರು ಪಾಲಿಸುವವನು ನಾನು. ಕೆಮಿಸ್ಟ್ರಿ ಓದಿದವನಿಗೆ ಅದೇನು ಮಹಾ? ನೋಡಬೇಕು, ಬರೆದುಕೊಳ್ಳಬೇಕು, ಹಾಗೇ ಮಾಡಬೇಕು. ೨೦೦೩ರ ಡಿಸೆಂಬರ್ ಇಪ್ಪತ್ನಾಲ್ಕರ ಮಧ್ಯಾಹ್ನ, ನಮ್ಮ ಲ್ಯಾಬಿನ ಕೈಸಾ ತನ್ನ ಬ್ರೂಮ್‌ಹಿಲ್ ಬಡಾವಣೆಯ ಮನೆಗೆ ಫಿನ್‌ಲೆಂಡಿನ ಕ್ರಿಸ್‌ಮಸ್ ಊಟಕ್ಕೆ ಕರೆದಾಗ, ಜೇಬಿನಲ್ಲಿ ನೋಟ್‌ಬುಕ್ ಇಟ್ಟುಕೊಂಡೇ ಹೊರಟೆ.

"ರೀ, ಅಲ್ಲಿ ಸುಮ್ನೆ ಕೂತ್ಕೊಳ್ಳಿ. ಸಹಾಯ ಮಾಡೋಕೆ ಹೋಗ್ಬೇಡಿ," ಎಂದಳು ನನ್ನ ಹೆಂಡತಿ ಚಂದ್ರಿಕಾ.

"ನಾನೇನು ಮಗುನಾ?"

"ಮಗು ಆಗಿದ್ರೆ ಎತ್ಕೊಂಡು ಈಚೆ ಬರಬಹುದಿತ್ತು."

ಕೈಸಾಳ ತಮ್ಮ ಯೂಕ್ಕಾ ಮತ್ತು ಅವನ ಗೆಳತಿ, ಪಕ್ಕದೂರು ಬಾರ್ನ್ಸ್‌ಲಿಯ ಇಂಗ್ಲಿಷ್ ನರ್ಸ್ ಹೆಲೆನ್, ಆಗಲೇ ಬಂದಿದ್ದರು. ಯೂಕ್ಕಾ ದಿನಕ್ಕೆ ನಾಲ್ಕು ಮಾತಾಡುವ ಮನುಷ್ಯ. ಅಂದಿನ ನಾಲ್ಕೂ ನಮ್ಮನ್ನು ಸ್ವಾಗತಿಸುವಾಗಲೇ ಮುಗಿದಿದ್ದವು.

ಅಡುಗೆಮನೆಯಲ್ಲಿ ಅಕ್ಕಿ ಹಾಲಿನಲ್ಲಿ ಬೇಯುತ್ತಿತ್ತು. ಫೋನ್ ಬಂತು. "ತಳ ಹಿಡಿಯದ ಹಾಗೆ ನೋಡ್ಕೊಳ್ತೀರಾ?" ಎಂದು ಕೈಸಾ ಸೌಟನ್ನು ನನಗೆ ಕೊಟ್ಟು ಹೋದಳು. ಕೈಯಾಡಿಸಿದೆ. ಅಪ್ಪಟ ಅಕ್ಕಿ ಪಾಯಸ, ಏಲಕ್ಕಿಯಿಲ್ಲ, ತುಪ್ಪವಿಲ್ಲ. ಅದರಲ್ಲಿ ಅನಾಥವಾಗಿ ಒಂದೇ ಒಂದು ಬಾದಾಮಿ. ಪಕ್ಕದಲ್ಲಿ ಸಿಪ್ಪೆ ತೆಗೆದ ಬಾದಾಮಿಯ ಪೊಟ್ಟಣ ಬಾಯಿ ತೆರೆದುಕೊಂಡಿತ್ತು. ಪಾಪ, ಮೊದಲನೆಯದನ್ನು ಹಾಕುವಷ್ಟರಲ್ಲಿ ಫೋನ್ ಬಂದಿದೆ ಎಂದು ತರ್ಕಿಸಿ, ಪೊಟ್ಟಣವನ್ನು ಪೂರ್ತಿ ಸುರಿದು ಚೆನ್ನಾಗಿ ಕಲಸಿದೆ.

ಊಟಕ್ಕೆ ಕೂರುವ ಮುಂಚೆ ಕೈಸಾ ನಮ್ಮಿಬ್ಬರ ಕಿವಿಯಲ್ಲಿ ಹೇಳಿದಳು: "ಇಡೀ ಪಾತ್ರೆಗೆ ಒಂದೇ ಬಾದಾಮಿ. ಸಿಕ್ಕಿದವರಿಗೆ ಬರುವ ವರ್ಷ ಮದುವೆ. ಯೂಕ್ಕಾ ಜೇಬಲ್ಲಿ ಉಂಗುರ ಇದೆ. ಆರು ತಿಂಗಳಿಂದ ಹೆಲೆನ್‌ನ ಕೇಳೋಕೆ ಧೈರ್ಯ ಬಂದಿಲ್ಲ. ಬಾದಾಮಿ ಸಿಕ್ಕಿದ ತಕ್ಷಣ ಕೇಳ್ತೀನಿ ಅಂದಿದ್ದಾನೆ. ಅದು ಅವನ ಬಟ್ಟಲಿಗೇ ಬೀಳೋ ಹಾಗೆ ಬಡಿಸ್ತೀನಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಮೇಣದಬತ್ತಿಯ ಬೆಳಕಿನಲ್ಲಿ ಎಲ್ಲರ ಬಟ್ಟಲಿಗೂ ಬಡಿಸಿಬಿಟ್ಟಳು.

"ಅಯ್ಯೋ, ನನಗೇ ಸಿಕ್ತು," ಎಂದಳು ಚಂದ್ರಿಕಾ. "ನನಗೂ," ಎಂದಳು ಕೈಸಾ. ಯೂಕ್ಕಾ ತನ್ನ ಬಟ್ಟಲಿನ ಏಳು ಬಾದಾಮಿಗಳನ್ನು ನೋಡಿ, ಜೇಬಿನಿಂದ ಬರಿಗೈಯನ್ನು ಮೆಲ್ಲಗೆ ಹೊರತೆಗೆದ.

ಚಂದ್ರಿಕಾ ಬಟ್ಟಲನ್ನು ನೋಡಲಿಲ್ಲ. ನನ್ನನ್ನು ನೋಡಿದಳು. "ಎಷ್ಟು ಹಾಕಿದ್ರಿ?"

"ನೂರು ಗ್ರಾಂ."

"ಯಾಕೆ?"

"ಪಾಯಸ ಅನ್ಕೊಂಡೆ ಕಣೇ."

ಎದ್ದು ನಿಂತು, ಒಂದು ಬಾದಾಮಿಗೆ ಒಂದು ಮದುವೆ ಎಂಬುದನ್ನೂ ಸೇರಿಸಿ, ಎಲ್ಲರೆದುರು ಇಂಗ್ಲಿಷಿನಲ್ಲಿ ತಪ್ಪೊಪ್ಪಿಕೊಂಡೆ. ಅಷ್ಟರಲ್ಲಿ ಹೆಲೆನ್ ತನ್ನ ಬಾದಾಮಿಗಳನ್ನು ಬಟ್ಟಲಿನ ಅಂಚಿನ ಮೇಲೆ ಸಾಲಾಗಿ ಜೋಡಿಸುತ್ತಿದ್ದಳು.

"ಹನ್ನೊಂದು," ಎಂದಳು. "ಯೂಕ್ಕಾ, ಹನ್ನೊಂದು ಸಿಕ್ಕ ಮೇಲೂ ನಾನು ಕಾಯ್ತಾ ಕೂರಲ್ಲ. ನನ್ನನ್ನ ಮದುವೆ ಆಗ್ತೀಯಾ?"

ಯೂಕ್ಕಾ ಆ ದಿನದ ಐದನೆಯ ಮಾತನ್ನಾಡಿದ: "ಹೂಂ."

ಏಪ್ರಿಲ್‌ನಲ್ಲಿ ಮದುವೆಯ ಆಮಂತ್ರಣ ಬಂತು. ನನ್ನ ತರ್ಕಕ್ಕೆ ಕೃತಜ್ಞತೆ ಇರಬಹುದೆಂದು ಹಿಗ್ಗಿ ಲಕೋಟೆ ಒಡೆದೆ. ಕೆಳಗೆ ಕೈಸಾ ಕೈಯಾರೆ ಬರೆದಿದ್ದಳು: "ಊಟದ ತಯಾರಿಗೆ ಚಂದ್ರಿಕಾ ಒಂದು ದಿನ ಮುಂಚೆ ಬರಲಿ. ಬಡಿಸುವುದೆಲ್ಲ ಮುಗಿದ ಮೇಲೆ ನೀವು ಬನ್ನಿ."

ಆ ಪತ್ರ ಈಗ ನಮ್ಮ ಅಡುಗೆಮನೆಯ ಬಾಗಿಲ ಮೇಲಿದೆ. ಅಂಟಿಸಿದವಳು ಚಂದ್ರಿಕಾ.