ದೊಡ್ಡ ರಸ್ತೆಗೆ ಚನ್ನಕೇಶವನ ಪ್ರವೇಶ

ಹೊಸೂರಿನ ಮೈದಾನದಲ್ಲಿ ಹನ್ನೊಂದು ಗಂಟೆಗೆ ಸ್ಕೂಟರ್ ಲೈಸೆನ್ಸಿನ ಪರೀಕ್ಷೆಗೆ ಹಾಜರಾಗಬೇಕೆಂದು ಕಾಗದ ಬಂದದ್ದೇ ಚನ್ನಕೇಶವನ ಕಷ್ಟಕ್ಕೆ ಮೂಲ. ಸೂಳಗಿರಿ ಪಕ್ಕದ ಹಳ್ಳಿಯೊಂದರ ಹಾಲಿನ ಸೊಸೈಟಿಯಲ್ಲಿ ಅವನು ಗುಮಾಸ್ತ. ಒಂದು ತಿಂಗಳಿಂದ ಹಳೇ ಸ್ಕೂಟರಿಗೆ ಎಲ್ ಬೋರ್ಡು ಕಟ್ಟಿಕೊಂಡು ಕೆರೆ ಏರಿಯ ಮೇಲೆ ಓಡಾಡಿದ್ದ. ಎದುರಿಗೆ ಎಮ್ಮೆ ಬಂದರೆ ಇಳಿದು ನಿಂತು ದಾರಿ ಬಿಡುತ್ತಿದ್ದ. ಮದರಾಸು–ಬೆಂಗಳೂರು ಹೆದ್ದಾರಿಗೆ ಮಾತ್ರ ಇನ್ನೂ ಚಕ್ರ ಸೋಕಿಸಿರಲಿಲ್ಲ.

"ಒಬ್ನೇ ಹೋಗ್ಬ್ಯಾಡ ಕಣ್ಲಾ, ನಾನೂ ಬತ್ತೀನಿ" ಎಂದು ಪಕ್ಕದ ಮನೆಯ ಪಾಪಯ್ಯ ಹಿಂದಿನ ಸೀಟು ಹತ್ತೇಬಿಟ್ಟ. ಟೊಮ್ಯಾಟೊ ಲಾರಿಯಲ್ಲಿ ಕೂತು ನಾಲ್ಕು ಸಲ ಮದರಾಸು ನೋಡಿ ಬಂದವನು. ರಸ್ತೆಯ ವಿಷಯದಲ್ಲಿ ಊರಿಗೆಲ್ಲ ಅವನದೇ ಕೊನೇ ಮಾತು.

ಮಣ್ಣುದಾರಿ ಹೆದ್ದಾರಿಗೆ ಸೇರುವ ಕಡೆ ಚನ್ನಕೇಶವ ಕಾಲೂರಿ ನಿಂತ. ಒಂದು ಲಾರಿ ಹೋಯಿತು. ಅದರ ಗಾಳಿಗೇ ಸ್ಕೂಟರು ಅಲುಗಿತು. ಹಿಂದೆಯೇ ಬಸ್ಸು, ಬಸ್ಸಿನ ಹಿಂದೆ ಕಬ್ಬಿಣ ತುಂಬಿದ ಮೂರು ಲಾರಿ. ಹುಣಸೇಮರಗಳ ನಡುವೆ ರಸ್ತೆ ಕೃಷ್ಣಗಿರಿಯ ಬೆಟ್ಟಗಳಿಂದ ಹೊರಟು ಆಕಾಶದ ಇನ್ನೊಂದು ತುದಿಗೆ ಹೋಗುತ್ತಿತ್ತು. ಇದೇ ರಸ್ತೆಯಲ್ಲಿ ಬಸ್ಸೊಳಗೆ ಕೂತು ನೂರು ಸಲ ನಿದ್ದೆ ಹೊಡೆದಿದ್ದವನು ಈಗ ಸ್ಕೂಟರನ್ನು ಎರಡು ಹೆಜ್ಜೆ ಹಿಂದಕ್ಕೆ ತಳ್ಳಿಕೊಂಡ.

"ಖಾಲಿ ಆಗ್ಲಿ ಪಾಪಯ್ಯಣ್ಣ, ಆಮೇಲೆ ಹೋಗಾನ."

ಕಾಲು ಗಂಟೆ ಆಯಿತು, ಅರ್ಧ ಗಂಟೆ ಆಯಿತು. ಪಾಪಯ್ಯ "ನುಗ್ಗು!" ಅನ್ನುವನು. ನುಗ್ಗುವಷ್ಟರಲ್ಲಿ "ನಿಲ್ಲು ನಿಲ್ಲು!" ಎಂದು ಸೊಂಟ ಹಿಡಿದು ಹಿಂದಕ್ಕೆ ಎಳೆಯುವನು. ಮೂಲೆಯ ಟೀ ಅಂಗಡಿಯಲ್ಲಿದ್ದವರೆಲ್ಲ ಗ್ಲಾಸು ಹಿಡಿದು ಹೊರಗೆ ಬಂದು, ಒಬ್ಬೊಬ್ಬರು ಒಂದೊಂದು ಭಾಷೆಯಲ್ಲಿ ಬುದ್ಧಿ ಹೇಳತೊಡಗಿದರು.

ಕೊನೆಗೆ ಟೀ ಅಂಗಡಿಯ ಮುನಿರತ್ನಮ್ಮನೇ ಸೆರಗು ಸಿಕ್ಕಿಸಿಕೊಂಡು ಬಂದಳು.

"ಇಪ್ಪತ್ತು ವರ್ಷದಿಂದ ಇಲ್ಲೇ ಟೀ ಕಾಸ್ತಾ ಇವ್ನಿ ಕಣಣ್ಣ. ಈ ರೋಡು ಖಾಲಿ ಆಗಿದ್ದು ಒಂದಿನಾನೂ ಕಂಡಿಲ್ಲ. ಹೆಣ್ಮಕ್ಳು ಹಗ್ಗದಾಟಕ್ಕೆ ನುಗ್ಗಾಗ ಹಗ್ಗ ನಿಲ್ಲಲಿ ಅಂತ ಕಾಯ್ತಾರಾ? ಬಲಗಡೆ ನೋಡು. ಸಂದು ಬಂತು ಅಂದ್ರೆ ಗಾಡಿಗೆ ಓಟ ಕೊಟ್ಟು, ಅವರ ಜತೇಲೇ ಸೇರ್ಕೊ. ತೆವಳ್ಕೊಂಡು ಹೋಗ್ಬ್ಯಾಡ."

ಚನ್ನಕೇಶವ ಬಲಗಡೆ ನೋಡಿದ. ಲಾರಿ, ಲಾರಿ, ಬಸ್ಸು... ಸಂದು! ಕೈ ತೋರಿಸಿದ, ಆಕ್ಸಿಲರೇಟರ್ ತಿರುಗಿಸಿದ, ಎಡಕ್ಕೆ ಹೊರಳಿದ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹೆದ್ದಾರಿಯ ಮೇಲಿದ್ದ. ಹಿಂದೆ ಟೀ ಅಂಗಡಿಯವರು ಶಿಳ್ಳೆ ಹೊಡೆದರು.

"ಅರವತ್ತಕ್ಕೆ ಎಳಿಯಲಾ!" ಪಾಪಯ್ಯ ಕಿವಿಯಲ್ಲಿ ಕೂಗಿದ. ಅರವತ್ತಕ್ಕೆ ಸ್ಕೂಟರು ಚಳಿಜ್ವರ ಬಂದವರಂತೆ ನಡುಗಿತು. ಮೂವತ್ತಕ್ಕೆ ಇಳಿಸಿದರೆ ಹಿಂದಿನ ಲಾರಿ ಬೆನ್ನಿಗೇ ಹಾರ್ನು ಊದಿತು. ನಲವತ್ತೈದಕ್ಕೆ ಬಂದಾಗ ನಡುಕವೂ ನಿಂತಿತು, ಹಾರ್ನೂ ನಿಂತಿತು. ಮರಗಳು ಒಂದೊಂದಾಗಿ ಹಿಂದೆ ಸರಿದವು. ತಾನೇ, ತನ್ನ ಕೈಯಾರೆ, ಇಷ್ಟು ದೊಡ್ಡ ಲೋಕದ ಜೊತೆಗೆ ಹೋಗುತ್ತಿದ್ದೇನೆ ಅನ್ನಿಸಿ ಚನ್ನಕೇಶವನಿಗೆ ಮೈ ಜುಂ ಎಂದಿತು.

ಆಗ ಮುಂದೆ ಬೆಟ್ಟವೊಂದು ನಡೆದು ಹೋಗುತ್ತಿರುವುದು ಕಂಡಿತು. ಹೊಸೂರಿನ ಯಾವುದೋ ಹೊಸ ಫ್ಯಾಕ್ಟರಿಗೆ ಹೊರಟಿದ್ದ ಕಬ್ಬಿಣದ ಕೊಳಗ. ಊರ ಗುಡಿಯನ್ನು ಒಳಗಿಟ್ಟು ಮುಚ್ಚಳ ಹಾಕುವಷ್ಟು ದೊಡ್ಡದು. ಅದನ್ನು ಹೊತ್ತ ಟ್ರೈಲರಿಗೆ ಎಣಿಸಲಾರದಷ್ಟು ಚಕ್ರ.

"ದಾಟು!" ಎಂದ ಪಾಪಯ್ಯ.

ಚನ್ನಕೇಶವ ದಾಟಲಿಲ್ಲ. ನಾಲ್ಕು ಮಾರು ದೂರ ಬಿಟ್ಟು, ಅದರಷ್ಟೇ ನಿಧಾನವಾಗಿ ಹಿಂದೆ ಹೋದ. ಪಕ್ಕದಲ್ಲಿ ನಡೆಯುತ್ತಿದ್ದ ಬಾವುಟದವನು ಎದುರಿನ ರಸ್ತೆ ನೋಡಿ ಕೈ ಬೀಸಿದ ಮೇಲೆಯೇ ಬಲಕ್ಕೆ ಸರಿದು ದಾಟತೊಡಗಿದ. ಆ ಕಬ್ಬಿಣದ ನೆರಳಿನಲ್ಲಿ ಸಾಗುವಾಗ ಪಾಪಯ್ಯನಂಥ ಪಾಪಯ್ಯನೂ ಮಾತು ನಿಲ್ಲಿಸಿ ಕೈ ಮುಗಿದ.

ಹನ್ನೊಂದಕ್ಕೆ ಐದು ನಿಮಿಷವಿರುವಾಗ ಮೈದಾನ ಸೇರಿದರು. ಹಿಂದೆಯೇ ಜೀಪೊಂದು ಬಂದು ನಿಂತಿತು. ಅದರಿಂದ ಇಳಿದ, ಪರೀಕ್ಷೆ ಮಾಡುವ ಇನ್ಸ್‌ಪೆಕ್ಟರು ನೇರ ಚನ್ನಕೇಶವನ ಹತ್ತಿರ ಬಂದರು.

"ಸೂಳಗಿರಿ ದಾಟಿದಾಗಿಂದ ನಿಮ್ಮ ಹಿಂದೇನೇ ಬಂದೆ. ರೋಡಿಗೆ ಸೇರಿದ್ದು, ಆ ಸ್ಪೀಡು, ಆ ಟ್ರೈಲರ್ ಹಿಂದೆ ಕಾದಿದ್ದು... ರೊಂಬ ಅಪರೂಪ! ಹದಿನೈದು ವರ್ಷದ ಸರ್ವೀಸಲ್ಲಿ ಇಂಥ ಡ್ರೈವಿಂಗ್ ನೋಡಿಲ್ಲ. ನಿಮಗೆ ಪರೀಕ್ಷೆ ಯಾಕೆ ಬೇಕು?"

ಸಾಲಿನಲ್ಲಿ ನಿಂತಿದ್ದವರು ಬೆರಗಾಗಿ ನೋಡಿದರು. ಚನ್ನಕೇಶವನ ಕಣ್ಣಲ್ಲಿ ನೀರಾಡಿತು. ಇನ್ಸ್‌ಪೆಕ್ಟರು ಜೇಬಿನಿಂದ ಪೆನ್ನು ತೆಗೆದರು.

ಪಾಪಯ್ಯನಿಗೆ ತಡೆಯಲಾಗಲಿಲ್ಲ. ಎದೆ ಮುಂದೆ ಮಾಡಿ ಬಂದ. "ಎಲ್ಲಾ ನಾನೇ ಕಲಿಸಿದ್ದು ಸಾರ್. ಹಿಂದೆ ಕೂತು ದಾರಿ ಉದ್ದಕ್ಕೂ ಹೇಳ್ಕೊಟ್ಟೆ."

"ಬಲು ಸಂತೋಷ. ಎಲ್ ಬೋರ್ಡಿನವರ ಹಿಂದೆ ಲೈಸೆನ್ಸ್ ಇರೋ ಗುರು ಇರಲೇಬೇಕು, ಅದೇ ಕಾನೂನು. ಎಲ್ಲಿ, ನಿಮ್ಮ ಲೈಸೆನ್ಸು ಕೊಡಿ, ನಂಬರ್ ಬರ್ಕೊಳ್ತೀನಿ."

"ಲೈಸೆನ್ಸಾ?" ಪಾಪಯ್ಯ ನಕ್ಕ. "ನಂಗೆ ಸೈಕಲ್ಲೂ ಬರಾಕಿಲ್ಲ ಸಾರ್!"

ಪೆನ್ನು ಜೇಬಿಗೆ ಹೋಯಿತು. ಸ್ಕೂಟರು ಮೈದಾನದ ಬೇವಿನಮರದ ಕೆಳಗೆ ಉಳಿಯಿತು. ಲೈಸೆನ್ಸ್ ಇರುವವರು ಯಾರಾದರೂ ಬಂದು ಓಡಿಸಿಕೊಂಡು ಹೋಗಬೇಕು, ಚನ್ನಕೇಶವ ಮುಂದಿನ ತಿಂಗಳು ಬರಬೇಕು ಎಂದಾಯಿತು.

ಸಂಜೆಯ ಬಸ್ಸಿನಲ್ಲಿ ಚನ್ನಕೇಶವ ನಿಂತೇ ಬಂದ. ಪಾಪಯ್ಯನಿಗೆ ಡ್ರೈವರಿನ ಹಿಂದಿನ ಸೀಟೇ ಸಿಕ್ಕಿತ್ತು.

"ನಲವತ್ತೈದು ಸಾಕಪ್ಪ," ಎಂದು ಅವನು ಡ್ರೈವರಿಗೆ ಹೇಳಿಕೊಡುತ್ತಿದ್ದ.