ಚಾದರ್ ಹೊದ್ದ ಪಿಸ್ತೂಲಿನವ

ಕೇಬಲ್‌ನ ಯೋಗಿರಾಜ ಮಾಳಿಗೆಯ ಮೇಲೆ ಹೊಸ ಡಿಶ್ ಕೂರಿಸಿದ್ದೇ ಎಲ್ಲದಕ್ಕೂ ಮೂಲ. ಆ ರವಿವಾರ ಮಧ್ಯಾಹ್ನ, ಭಜನೆ ಬರುತ್ತಿದ್ದ ಚಾನೆಲ್ಲಿನಲ್ಲಿ ಜಪಾನಿ ಕಾರ್ಟೂನು ಬಂತು. ಮರಳುಗಾಡು, ಅದರ ನಡುವೆ ಮರದ ಹಲಗೆಗಳ ಒಂದು ಊರು, ಮೈಗೆ ಪಟ್ಟೆಯ ಹೊದಿಕೆ ಹೊದ್ದು, ಸೊಂಟಕ್ಕೆ ಪಿಸ್ತೂಲು ಕಟ್ಟಿಕೊಂಡು ಕುಂಟುಗುದುರೆಯ ಮೇಲೆ ಬರುವ ಒಬ್ಬ ಉದ್ದಕಾಲಿನವ. ಅವರ ಮಾತು ಒಂದಕ್ಷರವೂ ತಿಳಿಯುತ್ತಿರಲಿಲ್ಲ.

ಶ್ರೀಲೇಖಾಗೆ ಬೇಕಾಗಿದ್ದದ್ದೇ ಅದು. ಗಂಡ ನಿಖಿಲ ತೀರಿಕೊಂಡಾಗಿನಿಂದ ಸೋಲಾಪುರದ ಆ ವಠಾರದಂಥ ವಾಡೆಯ ಹೆಂಗಸರು ಅವಳನ್ನು ಒಬ್ಬಳೇ ಕೂಡಗೊಟ್ಟಿರಲಿಲ್ಲ. ಕಚೇರಿಯಿಂದ ಬಂದರೆ ಸಾಕು, ಪಾಳಿಯ ಮೇಲೆ ಕಾವಲು. ಧಾರಾವಾಹಿ ಹಚ್ಚಿದರೆ ನೋಡಲು ಬರುತ್ತಿದ್ದರು, ಆರಿಸಿದರೆ ಸಮಾಧಾನ ಹೇಳಲು ಬರುತ್ತಿದ್ದರು. ಯಾರಿಗೂ ತಿಳಿಯದ ಭಾಷೆಯ ಮುಂದೆ ಯಾರು ಕೂತಾರು? ಅವಳು ಒಂದು ಕಪ್ ಚಹ ಮಾಡಿಕೊಂಡು ಗೋಡೆಗೆ ಒರಗಿದಳು.

ಕಪ್ಪು ತುಟಿಗೆ ತಾಕುವ ಮೊದಲೇ ಪಕ್ಕದ ಮನೆಯ ಶಾರದಾಬಾಯಿ ಒಳಗೆ ಬಂದರು.

“ಏನವ್ವಾ, ಹುಡುಗೂರ ಕಾರ್ಟೂನ್ ನೋಡಾಕತ್ತೀ? ಏನಂತಾನ ಅಂವಾ?”

“ಯಾರಿಗ್ಗೊತ್ರಿ ಕಾಕು. ನನಗೇನೂ ತಿಳಿಯಾಂಗಿಲ್ಲ.”

“ತಿಳೀಲಾರದ್ದನ್ನ ನೋಡಾಕತ್ತಿಯಾ?”

ಶಾರದಾಬಾಯಿ ಬಂದ ಕಾಲಲ್ಲೇ ತಿರುಗಿದರು. ಸುದ್ದಿ ಅಂಗಳದ ನಲ್ಲಿಯನ್ನು ಮುಟ್ಟುವ ಹೊತ್ತಿಗೆ ಹುಡುಗಿಗೆ ತಲೆ ಕೆಟ್ಟಿತ್ತು. ಮಹಡಿ ಹತ್ತುವ ಹೊತ್ತಿಗೆ ಅವಳೇ ಜಪಾನಿ ಮಾತಾಡತೊಡಗಿದ್ದಳು.

ಬೇರೆ ದಿನವಾಗಿದ್ದರೆ ನಡೆಯುತ್ತಿತ್ತು. ಆದರೆ ಅಂದು ಅಕ್ಕಲಕೋಟೆಯಿಂದ ನಿಖಿಲನ ಸೋದರತ್ತೆ ದ್ವಾರಕಾಬಾಯಿ ಬರುವವರಿದ್ದರು. ಸೊಸೆ ಈ ಒಂದೇ ಕೋಣೆಯ ಖೋಲಿಯಲ್ಲಿ ಒಬ್ಬಳೇ ಇರಬಲ್ಲಳೋ, ಅಕ್ಕಲಕೋಟೆಗೆ ಕರೆದೊಯ್ಯಬೇಕೋ, ಮನೆತನದ ಪರವಾಗಿ ನೋಡಿ ತೀರ್ಮಾನಿಸುವವರು ಅವರೇ. ಅಕ್ಕಲಕೋಟೆಯ ಗುಡಿಗೆ ಬಂದ ನೆಂಟರಿಷ್ಟರಿಗೆಲ್ಲ ಅತ್ತೆಯ ಮನೆಯಲ್ಲಿ ದಿನಾ ಊಟದ ಪಂಕ್ತಿ. ಅಲ್ಲಿ ಒಬ್ಬರೇ ಇರಲು ಸಿಗುವ ಜಾಗವೆಂದರೆ ಬಚ್ಚಲು. ಅದರ ಬಾಗಿಲನ್ನೂ ಯಾರಾದರೂ ಬಡಿಯುತ್ತಲೇ ಇರುತ್ತಿದ್ದರು.

ಮಹಡಿಯ ಸುಗಲಾಬಾಯಿ ಕೆಂಡದ ತಟ್ಟೆ, ಉಪ್ಪು, ಒಣಮೆಣಸಿನಕಾಯಿ ಹಿಡಿದು ಇಳಿದರು, ಹಿಂದೆಯೇ ಶಾರದಾಬಾಯಿ.

“ದೃಷ್ಟಿ ಆಗಿದ್ರ ಘಾಟು ಬರಾಂಗಿಲ್ಲ. ಸುಮ್ನ ಕೂಡು.”

ಅವಳು ಸುಮ್ಮನೇ ಕೂತಿದ್ದಳು. ಚಹ ನೆಲದ ಮೇಲೆ ಕಾಯುತ್ತಿತ್ತು. ನಿವಾಳಿಸಿ ಇಳಿ ತೆಗೆದು ಮೆಣಸಿನಕಾಯಿಯನ್ನು ಕೆಂಡಕ್ಕೆ ಹಾಕಿದ್ದೇ ತಡ, ಖೋಲಿ ತುಂಬ ಕೆಮ್ಮು ಎದ್ದಿತು. ಶಾರದಾಬಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕಿಟಕಿ ಹುಡುಕುತ್ತ ಕಪಾಟಿನ ಬಾಗಿಲು ತೆರೆದರು.

“ದೃಷ್ಟಿ ಇಲ್ಲ,” ಎಂದರು ಸುಗಲಾಬಾಯಿ, ಕೆಮ್ಮಿನ ನಡುವೆ ತುಸು ನಿರಾಸೆಯಿಂದ. “ಬ್ಯಾರೇನೋ ಐತಿ.”

ಆ ಹೊಗೆಯಲ್ಲಿ ದ್ವಾರಕಾಬಾಯಿ ಹೊಸ್ತಿಲು ದಾಟಿದರು. ಸೊಸೆಯ ಕಣ್ಣುಗಳು ಕೆಂಪಾಗಿ ಧಾರಾಕಾರ ಸುರಿಯುತ್ತಿದ್ದವು.

“ಮುಂಜಾನಿಂದ ಅಳಾಕತ್ತೀ ಏನ ಬಾಳಾ?”

“ಇಲ್ರಿ ಆತ್ಯಾ. ಮೆಣಸಿನಕಾಯಿ.”

“ಮೆಣಸಿನಕಾಯಿಗೆ ಇಷ್ಟು ಯಾರ್ ಅಳ್ತಾರ? ಅರಬಿ ಗಂಟು ಕಟ್ಟು. ಸಂಜಿ ಬಸ್ಸಿಗೆ ಹೋಗೂಣು.”

“ಕರಕೊಂಡು ಹೋಗ್ರಿ,” ಎಂದರು ಶಾರದಾಬಾಯಿ. “ನಾವು ಎಷ್ಟಂತ ಕಾಯೂಣು? ತಿಳೀಲಾರದ ಭಾಷಾ ನೋಡ್ಕೋತ ಕೂಡ್ತಾಳ.”

ದ್ವಾರಕಾಬಾಯಿ ಚೀಲ ಇಳಿಸಿ ಟಿವಿಯ ಎದುರು ಕೂತರು. “ತಿಳೀತೈತೇನ ನಿನಗ?”

ಶ್ರೀಲೇಖಾಗೆ ಬೇರೆ ದಾರಿ ಉಳಿದಿರಲಿಲ್ಲ.

“ಎಲ್ಲಾ ತಿಳೀತೈತ್ರಿ. ಕಾಕುಗ ಚಾಷ್ಟಿ ಮಾಡಿದ್ದೆ.”

“ಹಂಗಾರ ಹೇಳು. ಏನಂತಾನ?”

ತೆರೆಯ ಮೇಲೆ ಪಿಸ್ತೂಲಿನವ ಒಂದು ಅಂಗಡಿಯಲ್ಲಿ ಗ್ಲಾಸು ಎತ್ತಿದ್ದ. ಯಾರೋ ಬಾಗಿಲು ಒದ್ದರು. ಛಾವಣಿ ಕುಸಿಯಿತು. ಊರವರೆಲ್ಲ ಅವನತ್ತಲೇ ಬೆರಳು ತೋರಿಸಿದರು.

“ಒಂದು ಗ್ಲಾಸ್ ನೀರು ಕುಡೀಬೇಕಂತ ಬಂದಾನ್ರಿ. ಯಾರಿಗೂ ಏನೂ ಮಾಡಾಂಗಿಲ್ಲ, ಗುಂಡು ಹಾರಿಸಾಂಗಿಲ್ಲ. ಸ್ವಲ್ಪ ಹೊತ್ತು ಒಬ್ಬನಽ ಕೂಡ್ತೀನಿ, ನನ್ನ ಪಾಡಿಗೆ ಬಿಡ್ರಿ ಅಂತಾನ.”

“ಪಾಪ,” ಎಂದರು ಸುಗಲಾಬಾಯಿ, ಅವಳಿಗೆ ಇನ್ನಷ್ಟು ಒತ್ತಿ ಕೂತು. “ಬಿಡವಲ್ರು ನೋಡು. ಎಂಥಾ ಮಂದಿ.”

“ಮೈಮ್ಯಾಲೆ ನೋಡ್ರಿ,” ಎಂದು ಶಾರದಾಬಾಯಿ ಮುಂದೆ ಬಾಗಿದರು. ಅವರ ಯಜಮಾನರದು ಚಾದರಿನ ವ್ಯಾಪಾರ. “ಅದು ನಮ್ಮ ಸೋಲಾಪುರ ಚಾದರ್. ಅಂಚು ನೋಡಿದ್ರ ಗೊತ್ತಾಗಾಂಗಿಲ್ಲೇನು?”

“ಇಂಥಾ ಬಿಸಿಲಾಗ ಚಾದರ್ ಹೊದ್ದಾನಂದ್ರ ಜ್ವರ ಬಂದಿರಬೇಕು,” ಎಂದರು ದ್ವಾರಕಾಬಾಯಿ. “ಅವ್ವ ಇಲ್ಲ ಕಾಣಸ್ತೈತಿ ಅವಗ.”

ಅಲ್ಲಿಂದ ಅವನು ವಾಡೆಯವನೇ ಆದ. ಬೆನ್ನಟ್ಟುವವರಿಗೆ ಮೂವರೂ ಸೇರಿ ಶಾಪ ಹಾಕಿದರು. ಕೊನೆಗೆ ಅವನು ಗ್ಲಾಸು ಹಿಡಿದೇ ಎಲ್ಲರಿಂದ ತಪ್ಪಿಸಿಕೊಂಡು ಗುಡ್ಡದ ತುದಿಗೆ ಹೋದ. ಸುತ್ತ ಯಾರೂ ಇಲ್ಲ. ಗ್ಲಾಸನ್ನು ನಿಧಾನವಾಗಿ ತುಟಿಗೆ ತಂದ. ಹಿಂದಿನಿಂದ ಕುಂಟುಗುದುರೆ ಕತ್ತು ಚಾಚಿ ಅಷ್ಟೂ ನೀರನ್ನು ಹೀರಿಬಿಟ್ಟಿತು.

ಶ್ರೀಲೇಖಾ ನಕ್ಕುಬಿಟ್ಟಳು. ಅವಳಿಗೇ ಗೊತ್ತಾಗದೆ ಬಂದ ನಗು, ಬಹಳ ದಿನ ತೆರೆಯದ ನಲ್ಲಿಯಂತೆ ಮೊದಲು ಗೊರಗೊರ ಎಂದು ಆಮೇಲೆ ಸುರಿಯಿತು. ಇಬ್ಬರೂ ಹೆಂಗಸರು ದ್ವಾರಕಾಬಾಯಿಯ ಮುಖ ನೋಡಿದರು.

ದ್ವಾರಕಾಬಾಯಿ ಸೊಸೆಯ ಗದ್ದ ಹಿಡಿದು ತಮ್ಮತ್ತ ತಿರುಗಿಸಿಕೊಂಡರು.

“ಇಕೀಗೆ ಏನೂ ಆಗಿಲ್ಲ,” ಎಂದರು. “ಅಕ್ಕಲಕೋಟಿಗೆ ಬರೂದು ಬ್ಯಾಡ. ಇಲ್ಲೇ ಇರಲಿ.”

ಶ್ರೀಲೇಖಾ ಎಷ್ಟೋ ದಿನಗಳ ಮೇಲೆ ಪೂರ್ತಿ ಉಸಿರು ಬಿಟ್ಟಳು.

“ಇದು ದಿನಾ ಬರ್ತೈತೇನು?” ಆತ್ಯಾ ಕೇಳಿದರು.

“ದಿನಾ ಬರ್ತೈತಂತ್ರಿ. ಯೋಗಿರಾಜ ಹೇಳ್ಯಾನ.”

“ನಮ್ಮ ಅಕ್ಕಲಕೋಟ್ಯಾಗ?”

“ಅಲ್ಲಿ ಎಲ್ಲಿಂದ್ರಿ. ಈ ಡಿಶ್ ಇಲ್ಲೇ ಇರೂದು,” ಎಂದಳು ಶ್ರೀಲೇಖಾ ಸಂತೋಷದಿಂದ.

“ಹಂಗಾರ ನಾನಽ ಇಲ್ಲಿರ್ತೀನಿ. ಅಲ್ಲಿ ಪಂಕ್ತಿಗೆ ಬಡಿಸಿ ಬಡಿಸಿ ಸಾಕಾಗೇತಿ. ಆ ಹುಡುಗನಂಗ ನನಗೂ ಒಂದೀಟು ಕೂಡಬೇಕು ಅನಸ್ತೈತಿ, ಯಾರ್ ಬಿಡ್ತಾರ? ನಾಳೆ ನಮ್ಮ ಮನಿ ಆಳು ಸಿದ್ರಾಮನ ಕೈಯಾಗ ಹಾಸಿಗಿ ತರಿಸ್ತೀನಿ.” ಅವರು ಕಾಲು ಚಾಚಿದರು. “ಆದ್ರ ನನಗ ಆ ಭಾಷಾ ಬರಾಂಗಿಲ್ಲ ನೋಡು. ನೀ ದಿನಾ ಬಾಜೂಕ ಕೂತು ಹೇಳಬೇಕು.”

“ನಾವೂ ಬರ್ತೀವಿ,” ಎಂದರು ಶಾರದಾಬಾಯಿ.

ಶ್ರೀಲೇಖಾ ಗೋಡೆಗೆ ಮತ್ತೆ ಒರಗಿ ಕಪ್ಪಿಗಾಗಿ ಕೈ ಚಾಚಿದಳು. ಆತ್ಯಾ ಆಗಲೇ ಅದನ್ನು ಎತ್ತಿ, ಒಂದೇ ಗುಟುಕಿಗೆ ಮುಗಿಸಿ, ಖಾಲಿ ಕಪ್ಪನ್ನು ಅವಳ ಕೈಗಿತ್ತರು.

“ಸಕ್ರಿ ಕಮ್ಮಿ ಆಗೇತಿ.”