ಖಾಲಿ ಕುರ್ಚಿಯ ವಸ್ತು

ಚಿತ್ರಶಾಲೆಯ ಮೂಲೆಕೋಣೆಯಲ್ಲಿ ತೂಗುಹಾಕಿರುವ ಖಾಲಿ ಕುರ್ಚಿಯ ಚಿತ್ರಕ್ಕಾಗಿ ಕೂತವನು ತಾನೇ ಎಂಬುದು ಆ ಕೋಣೆಯ ಕಾವಲು ತಾತನ ಅಧಿಕೃತ ಹೇಳಿಕೆ.

"ಕೂತೂ ಕೂತೂ ಸೊಂಟ ಹಿಡ್ಕೊಂತು. ಒಂದು ಲೋಟ ಚಹಾ ಕುಡಿದು ಬರ್ತೀನಿ ಅಂತ ಎದ್ದೆ. ಆ ಚಿತ್ರಕಾರ ಪುಣ್ಯಾತ್ಮನಿಗೆ ತಡೆಯೋಕಾಗ್ಲಿಲ್ಲ, ಬರೆದು ಮುಗಿಸೇಬಿಟ್ಟ!"

ಪುಣ್ಯಾತ್ಮ ತೀರಿಕೊಂಡಿದ್ದ. ಕುರ್ಚಿಯನ್ನು ಗೆದ್ದಲು ತಿಂದಿತ್ತು. ಹೀಗಾಗಿ ಆಕ್ಷೇಪಣೆ ಯಾವುದೂ ಬರಲಿಲ್ಲ.

ಮಾತು ಸುಮ್ಮನೆ ಹುಟ್ಟಿದ್ದಲ್ಲ. "ವಸ್ತುವಿಲ್ಲದ ಚಿತ್ರಕ್ಕೆ ಅರ್ಥವಿರತಕ್ಕದ್ದಲ್ಲ, ಅರ್ಥವಿಲ್ಲದ್ದನ್ನು ಉಗ್ರಾಣಕ್ಕೆ ಹಾಕತಕ್ಕದ್ದು" ಎಂದು ಮೇಲಿನಿಂದ ಅಪ್ಪಣೆಯಾಗಿತ್ತು. ಚಿತ್ರ ಹೋದರೆ ಕೋಣೆಗೆ ಬೀಗ, ಕೋಣೆಗೆ ಬೀಗ ಬಿದ್ದರೆ ತಾತ ಮನೆಗೆ.

ಪರಿಶೀಲನೆಗೆ ಬಂದ ನಿರ್ದೇಶಕರು ಚಿತ್ರವನ್ನು ಹತ್ತಿರದಿಂದ ನೋಡಿದರು, ದೂರದಿಂದ ನೋಡಿದರು, ಕನ್ನಡಕ ತೆಗೆದೂ ನೋಡಿದರು.

"ಏನಯ್ಯಾ, ಇದರಲ್ಲಿ ವಸ್ತು ಎಲ್ಲಿ?"

"ಇಲ್ಲೇ ನಿಂತಿದೀನಲ್ಲ ಸ್ವಾಮಿ!" ತಾತ ಎದೆಯುಬ್ಬಿಸಿದ. ಚಹಾದ ಕಥೆಯನ್ನೂ ಒಪ್ಪಿಸಿದ.

ನಿರ್ದೇಶಕರಿಗೆ ಜೀವ ಬಂದಂತಾಯಿತು. ವಸ್ತು ಸಿಕ್ಕಿತು. ಆದರೆ ಚಿತ್ರಶಾಲೆಯ ವಸ್ತುಗಳು ಹೊಸ್ತಿಲು ದಾಟುವಂತಿಲ್ಲ, ಅದು ನಿಯಮ. ಅಂದೇ ತಾತನ ಕೊರಳಿಗೆ ಚೀಟಿ ಕಟ್ಟಿ, ಸುತ್ತ ಹಗ್ಗ ಎಳೆದು, "ವಸ್ತುವನ್ನು ಮುಟ್ಟಬಾರದು" ಎಂಬ ಫಲಕ ನಿಲ್ಲಿಸಲಾಯಿತು. ಒಣಬಟ್ಟೆಯಿಂದ ಧೂಳು ಒರೆಸುವ ಏರ್ಪಾಡೂ ಆಯಿತು. ವಸ್ತು ತನ್ನನ್ನು ತಾನೇ ಕಾಯುವುದು ಸರಿಯಲ್ಲವೆಂದು, ಕಾವಲಿನ ಕೆಲಸಕ್ಕೆ ನಿರ್ದೇಶಕರ ಬಾಮೈದನ ನೇಮಕವಾಯಿತು. ಬಾಮೈದ ಬಹಳ ನಿಷ್ಠಾವಂತ. ನಿದ್ದೆಯಲ್ಲೂ ಕುರ್ಚಿ ಬಿಡುತ್ತಿರಲಿಲ್ಲ.

ತಾತ ಮನೆಗೆ ಬರಲಿಲ್ಲವೆಂದು ಸೊಸೆ ಬುತ್ತಿ ಹಿಡಿದು ಬಂದಳು. ನೋಡಲು ನೆರೆದಿದ್ದ ಜನರನ್ನೂ ನಿರ್ದೇಶಕರನ್ನೂ ಸರಿಸಿ ಹಗ್ಗದ ಬಳಿ ನಿಂತಳು.

"ಏನ್ ಮಾವ ಇದು, ಕತ್ತಿಗೆ ಚೀಟಿ? ನಡೀರಿ ಮನೆಗೆ."

"ಮೆಲ್ಲಗೆ ಮಾತಾಡಮ್ಮ. ನಾನೀಗ ವಸ್ತು."

ಸೊಸೆ ಚಿತ್ರದ ಕೆಳಗಿನ ಹಿತ್ತಾಳೆ ತಗಡು ಓದಿದಳು. ಓದುಬರಹ ಬಾರದ ತಾತ ಇಷ್ಟು ವರ್ಷ ಅದನ್ನು ಫಳಫಳ ಉಜ್ಜಿದ್ದ. ಓದುಬರಹ ಬರುವ ನಿರ್ದೇಶಕರು ಅದರತ್ತ ನೋಡಿರಲಿಲ್ಲ.

"ಅಯ್ಯೋ ಮಾವ! ಬರೆದ ಇಸವಿ ಇಲ್ಲೇ ಇದೆ. ಆಗ ನೀವಿರ್ಲಿ, ನಿಮ್ಮಪ್ಪನಿಗೆ ಮದುವೇನೇ ಆಗಿರ್ಲಿಲ್ಲ!"

ನಿರ್ದೇಶಕರು ಉಗ್ರಾಣದ ಬೀಗದಕೈಗೆ ಜೇಬು ತಡಕಿದರು. ಬಾಮೈದನಿಗೂ ಎಚ್ಚರವಾಯಿತು.

ತಾತ ಭುಜ ಕುಣಿಸಿದ.

"ಮತ್ತೆ? ಅದಕ್ಕೇ ಅಲ್ವೇನಮ್ಮಾ ಕುರ್ಚಿ ಖಾಲಿ ಇರೋದು!"

ಜನ "ಆಹಾ" ಎಂದು ತಲೆದೂಗಿದರು. ನಿರ್ದೇಶಕರು ಜೇಬಿನಿಂದ ಕೈ ತೆಗೆದು, ಅರ್ಥವೂ ಸಿಕ್ಕಿತೆಂದು ಘೋಷಿಸಿದರು. ಸೊಸೆ ನಿಯಮದಂತೆ, ವಸ್ತುವನ್ನು ಮುಟ್ಟದೆ, ಬುತ್ತಿಯನ್ನು ಹಗ್ಗದ ಕೆಳಗೆ ಸರಿಸಿದಳು.